ಶನಿವಾರದ ಚರ್ಚೆಗೆ: ಬಂದ ನಗದು, ಬಂಡವಾಳಕ್ಕೆ ಸುರಿದ ಹಣ

ಎಲ್ಲ ಸದಸ್ಯರಿಗೂ ನಮಸ್ಕಾರ. ಈ ಸಲ ನೀವು ಆರಿಸಿಕೊಂಡ ಕಂಪನಿಯ ಲಾಭದ ಅಂಕಿಯನ್ನಷ್ಟೇ ತರಬೇಡಿ, ನಗದು ಹರಿವಿನ ಪಟ್ಟಿಯನ್ನೂ (ಕಂಪನಿಗೆ ಬಂದ, ಕಂಪನಿಯಿಂದ ಹೋದ ನಗದಿನ ಲೆಕ್ಕ) ತನ್ನಿ. ಅದರಲ್ಲಿ ಎರಡು ಸಾಲುಗಳನ್ನು ಗುರುತು ಮಾಡಿಕೊಳ್ಳಿ: ಕಾರ್ಯಾಚರಣೆಯಿಂದ ಬಂದ ನಿವ್ವಳ ನಗದು, ಕಟ್ಟಡ ಮತ್ತು ಯಂತ್ರಗಳ ಖರೀದಿಗೆ ತೆತ್ತ ಹಣ.

ಅಮೆಜಾನ್ ಲೆಕ್ಕ ನೋಡಿ. 2022ರಲ್ಲಿ ವ್ಯವಹಾರದಿಂದ ಬಂದದ್ದು ಸುಮಾರು 4,675 ಕೋಟಿ ಡಾಲರ್. ಗೋದಾಮು, ಡೇಟಾ ಕೇಂದ್ರ ಮುಂತಾದವುಗಳಿಗೆ ಹೋದದ್ದು ಸುಮಾರು 6,364 ಕೋಟಿ. ಮರುವರ್ಷವೇ ಬಂದದ್ದು 8,495 ಕೋಟಿಗೆ ಏರಿತು, ಹೋದದ್ದು 5,273 ಕೋಟಿಗೆ ಇಳಿಯಿತು. 2022ನ್ನು ಮಾತ್ರ ನೋಡಿದವರಿಗೆ ಅದು ಕೈಮೀರಿ ಖರ್ಚು ಮಾಡುವ ಕಂಪನಿ, 2023ನ್ನು ಮಾತ್ರ ನೋಡಿದವರಿಗೆ ನಗದಿನ ಗಣಿ. ಆದ್ದರಿಂದ ದಯವಿಟ್ಟು ಕನಿಷ್ಠ ಐದು ವರ್ಷಗಳ ಮೊತ್ತ ಕೂಡಿಸಿ ಹೋಲಿಸಿ. ಖರ್ಚು ಹೆಚ್ಚಿದ್ದರೆ ಆ ಕೊರತೆಯನ್ನು ಸಾಲದಿಂದ ತುಂಬಿದರೋ, ಹೊಸ ಷೇರಿನಿಂದಲೋ, ಕೂಡಿಟ್ಟ ನಗದಿನಿಂದಲೋ ಎಂಬುದನ್ನೂ ಬರೆದುಕೊಳ್ಳಿ. ನನ್ನ ಮಟ್ಟಿಗೆ ಅದೇ ಮುಖ್ಯ ಪ್ರಶ್ನೆ.

ಅಂಗಡಿ ಸರಪಳಿಗಳನ್ನು ಆರಿಸಿಕೊಂಡವರು ಎಚ್ಚರ! ಭಾರತದ ಲೆಕ್ಕಪತ್ರ ಮಾನದಂಡ 116ರ ಪ್ರಕಾರ ದೀರ್ಘಾವಧಿ ಗುತ್ತಿಗೆಯ ಬಾಡಿಗೆಯ ಅಸಲು ಭಾಗ (ಬಡ್ಡಿ ಬಿಟ್ಟು ಉಳಿದದ್ದು) ಕಾರ್ಯಾಚರಣೆಯ ಅಡಿಯಲ್ಲಲ್ಲ, ಸಾಲ ತೀರಿಸಿದಂತೆ ಹಣಕಾಸು ಚಟುವಟಿಕೆಯ ಅಡಿಯಲ್ಲಿ ಬರುತ್ತದೆ. ಅದನ್ನು ಕಳೆಯದಿದ್ದರೆ ಕಾರ್ಯಾಚರಣೆಯ ನಗದು ಇರುವುದಕ್ಕಿಂತ ದಪ್ಪಗೆ ಕಾಣುತ್ತದೆ. ಬ್ಯಾಂಕುಗಳಿಗೆ ಈ ಹೋಲಿಕೆ ಹೊಂದುವುದಿಲ್ಲ, ಬಿಟ್ಟುಬಿಡಿ.

ಷೇರುಪೇಟೆಯಲ್ಲಿ ನೋಂದಾಯಿತವಾದ ನಮ್ಮ ದೇಶದ ಕಂಪನಿಗಳು ಸೆಪ್ಟೆಂಬರ್ ಹಾಗೂ ಮಾರ್ಚ್ ಅಂತ್ಯದ ಫಲಿತಾಂಶಗಳ ಜೊತೆ ಈ ಪಟ್ಟಿಯನ್ನು ಕೊಡುತ್ತವೆ. ನಿಮ್ಮ ಲೆಕ್ಕವನ್ನು ಶುಕ್ರವಾರ ಸಂಜೆಯೊಳಗೆ ಇಲ್ಲಿ ಹಾಕಿ.