ಸಮುದ್ರಕ್ಕೆ ಹೊರಟವರಿಗೆ ಮುಳ್ಳಿನ ಮೀನಿನ ಬಗ್ಗೆಯೂ ಹೇಳಿ

ಸಂಪಾದಕರಿಗೆ ನಮಸ್ಕಾರ.

ರಜೆ ಹತ್ತಿರ ಬಂತೆಂದರೆ ಪತ್ರಿಕೆಗಳಲ್ಲಿ ಕಾರವಾರ, ಗೋಕರ್ಣ, ಮುರ್ಡೇಶ್ವರದ ಬಣ್ಣದ ಪುಟಗಳು ಶುರುವಾಗುತ್ತವೆ. ಎಲ್ಲಿ ಉಳಿಯಬೇಕು, ಎಲ್ಲಿ ಉಣ್ಣಬೇಕು, ಎಲ್ಲ ಇರುತ್ತದೆ. ಹುಬ್ಬಳ್ಳಿ-ಧಾರವಾಡದ ನಮಗೆ ಅರಬೈಲ್ ಘಟ್ಟ ಇಳಿದರೆ ಸಮುದ್ರ. ಬೆಳಿಗ್ಗೆ ಹೊರಟವರು ಮಧ್ಯಾಹ್ನ ನೀರಿಗಿಳಿದಿರುತ್ತಾರೆ. ಆ ನೀರಿನ ತಳದಲ್ಲಿ ಏನಿರಬಹುದು ಅಂತ ಮಾತ್ರ ಯಾರೂ ಬರೆಯುವುದಿಲ್ಲ.

ನಾನು ಹೇಳುತ್ತಿರುವುದು ಸ್ಟಿಂಗ್‌ಫಿಶ್ ಎಂಬ ಸಣ್ಣ ಮೀನಿನ ಬಗ್ಗೆ. ಗೇಣುದ್ದವೂ ಇಲ್ಲ. ಮೈಮೇಲೆ ಹುರುಪೆ ಇಲ್ಲ, ಬಣ್ಣ ತಳದ ಕೆಸರಿನದೇ. ಎರಡೂ ಪಕ್ಕದ ಈಜುರೆಕ್ಕೆಯ ಕೆಳಗೆ ಒಂದೊಂದು ಬಿಡಿ ಕಡ್ಡಿ ಇರುತ್ತದೆ. ಅದನ್ನು ಊರಿಕೊಂಡು ಮರಳಿನ ಮೇಲೆ ನಡೆಯುತ್ತದೆ! ಇದರ ಒಂದು ಜಾತಿಯ ಮೈಮೇಲೆ ಹೈಡ್ರಾಯ್ಡ್ ಎಂಬ ಪುಟ್ಟ ಜೀವಿಗಳು ಪಾಚಿಯ ಹಾಗೆ ಬೆಳೆದಿರುತ್ತವೆ. ನಮ್ಮ ದೇಶದ ಸಮುದ್ರದಲ್ಲಿ ಸರ್ವೆ ಮಾಡುತ್ತಿದ್ದ ಇನ್ವೆಸ್ಟಿಗೇಟರ್ ಹಡಗಿನ ವೈದ್ಯ ಆಲ್ಕಾಕ್ 1892ರಷ್ಟು ಹಿಂದೆಯೇ ಈ ಜೋಡಿಯ ಬಗ್ಗೆ ಬರೆದಿದ್ದರು. ಹೀಗಿದ್ದರೆ ಕಣ್ಣಿಗೆ ಬೀಳುವುದಾದರೂ ಹೇಗೆ?

ವಿಷ ಇರುವುದು ಬೆನ್ನಿನ ಮುಳ್ಳಿನಲ್ಲಿ. ಅದು ಬೆನ್ನಟ್ಟಿ ಬಂದು ಚುಚ್ಚುವುದಿಲ್ಲ, ಪಾಪ. ತುಳಿದರೆ, ಹಿಡಿದರೆ ಮಾತ್ರ. ಇದರ ದೊಡ್ಡ ಸಂಬಂಧಿ ಸ್ಟೋನ್‌ಫಿಶ್ ಅಂಡಮಾನ್, ಲಕ್ಷದ್ವೀಪದ ಕಡೆ ಇದೆ. ಅದಕ್ಕೆ ಬೆನ್ನಿನಲ್ಲಿ 13 ಮುಳ್ಳು, ವಿಷವೂ ಬಹಳ ಜಾಸ್ತಿ. ನಮ್ಮ ಕರಾವಳಿಗೆ ಹೋಗುವವರು ಅದಕ್ಕೆ ಹೆದರಿ ಕೂರಬೇಕಿಲ್ಲ.

ಸತ್ತ ಮೀನಿನ ಮುಳ್ಳೂ ಚುಚ್ಚುತ್ತದೆ, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ದಡದಲ್ಲಿ ರಂಪಣಿ ಬಲೆ ಎಳೆದಾಗ ಬೇಡದ ಸಣ್ಣ ಮೀನುಗಳು ಮರಳಲ್ಲೇ ಉಳಿಯುತ್ತವೆ. ನಮ್ಮ ಅಕ್ಕನ ಮಗ ಅಂಥದ್ದೊಂದನ್ನು ಫೋಟೋಕ್ಕೆ ಅಂತ ಎತ್ತಿದ. ಬೆರಳು ನೋಡನೋಡುತ್ತ ಬದನೆಕಾಯಿಯಂತೆ ಊದಿತು, ಹುಡುಗ ಕಿರುಚಾಡತೊಡಗಿದ. ಒಬ್ಬರು ಐಸ್ ಇಡಿ ಅಂದರು, ಇನ್ನೊಬ್ಬರು ಟವೆಲ್ ಬಿಗಿಯಾಗಿ ಕಟ್ಟಲು ಬಂದರು. ಅಲ್ಲೇ ಮೀನು ಆರಿಸುತ್ತಿದ್ದ ಅಮ್ಮನೊಬ್ಬರು ಎಲ್ಲರನ್ನೂ ಬೈದು, ಚಹಾದಂಗಡಿಯಿಂದ ಬಿಸಿನೀರು ತರಿಸಿ ಕೈ ಅದ್ದಿಸಿದರು. ಅವರು ಮಾಡಿದ್ದೇ ಸರಿ. ಈ ವಿಷ ಒಂದು ಪ್ರೋಟೀನ್, ಬಿಸಿಗೆ ಕೆಡುತ್ತದೆ. ಸುಮಾರು 45 ಡಿಗ್ರಿ, ಅಂದರೆ ಸುಡದೆ ತಡೆದುಕೊಳ್ಳುವಷ್ಟು ಬಿಸಿ ಸಾಕು. ನೋವಾದ ಜಾಗಕ್ಕೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ, ಹಾಗಾಗಿ ಮೊದಲು ಬೇರೆಯವರು ಕೈ ಹಾಕಿ ನೋಡಬೇಕು. ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಬೇಕು. ತೊರಕೆ ಮೀನು ಚುಚ್ಚಿದರೂ ಇದೇ ಮದ್ದು. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು, ಒಳಗೆ ಮುರಿದ ಮುಳ್ಳು ಉಳಿದಿರಬಹುದು, ಟಿಟಿ ಇಂಜೆಕ್ಷನ್ನೂ ಬೇಕಾಗುತ್ತದೆ.

ನಮ್ಮ ಹಾವೇರಿ, ಗದಗ ಕಡೆ ವಿಷ ಅಂದ ಕೂಡಲೇ ಹಾವಿನ ಇಂಜೆಕ್ಷನ್ ನೆನಪಾಗುತ್ತದೆ. ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಮೀನಿನ ವಿಷಕ್ಕೆ ಅದು ನಡೆಯುವುದಿಲ್ಲ. ಹಾಕಿ ಅಂತ ಡಾಕ್ಟರ ಹತ್ತಿರ ಸುಮ್ನೆ ಜಗಳ ಮಾಡಬೇಡಿ.

ಡಿಸೆಂಬರಿನಲ್ಲಿ ಶಾಲೆಗಳ ಪ್ರವಾಸದ ಬಸ್ಸುಗಳು ಸಾಲಾಗಿ ಹೊರಡುತ್ತವೆ. ಒಂದು ಬಸ್ಸಿನಲ್ಲಿ ಐವತ್ತು ಮಕ್ಕಳಾದರೆ ಇಬ್ಬರೋ ಮೂವರೋ ಶಿಕ್ಷಕರು. ನೀರಿಗಿಳಿಯುವಾಗ ರಬ್ಬರ್ ಚಪ್ಪಲಿಯನ್ನಾದರೂ ಹಾಕಿಸಿ (ತೆಳು ಅಟ್ಟೆಯನ್ನು ಮುಳ್ಳು ದಾಟೀತು, ಆದರೂ ಬರಿಗಾಲಿಗಿಂತ ವಾಸಿ ಅಲ್ವಾ). ಬಲೆಯ ಹತ್ತಿರ ಬಿದ್ದ ಮೀನು ಮುಟ್ಟಬೇಡಿ ಅಂತ ಬಸ್ಸಿನಲ್ಲೇ ಹೇಳಿ. ಪತ್ರಿಕೆಯವರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಪ್ರವಾಸದ ಪುಟದಲ್ಲಿ ಹೋಟೆಲ್‌ಗಳ ಪಟ್ಟಿಯ ಪಕ್ಕ ಈ ಬಿಸಿನೀರಿನ ವಿಷಯವನ್ನೂ, ಕಾರವಾರ, ಕುಮಟಾ, ಭಟ್ಕಳದ ಸರ್ಕಾರಿ ಆಸ್ಪತ್ರೆಗಳ ಫೋನ್ ನಂಬರುಗಳನ್ನೂ ಹಾಕಿ.

– ನಿಮ್ಮ ಓದುಗ, ವಿದ್ಯಾನಗರ, ಹುಬ್ಬಳ್ಳಿ