ಮನೆ ಮುಂದೆ ನಿಂತ ಕಾರಿನ ಲೆಕ್ಕ

ಮಾನ್ಯರೇ,

ರಸ್ತೆಬದಿ ನಿಲ್ಲುವ ಕಾರುಗಳಿಂದಾಗುವ ತೊಂದರೆಯ ಬಗ್ಗೆ ಓದುಗರು ಆಗಾಗ ಬರೆಯುತ್ತಿರುತ್ತಾರೆ. ಆ ಕಾರುಗಳಲ್ಲಿ ನನ್ನದೂ ಒಂದು. ದಾವಣಗೆರೆಯ ಎಂಸಿಸಿ ‘ಬಿ’ ಬ್ಲಾಕಿನ ಹೊಂಗೆಮರದಡಿ ವಾರಕ್ಕೆ ಐದು ದಿನ ಹೊದಿಕೆ ಹೊದ್ದು ನಿಂತಿರುತ್ತದೆ. ಕಳೆದ ಆಷಾಢವಿಡೀ ನಿಂತು ಬ್ಯಾಟರಿ ಇಳಿದುಹೋದ ಕಾರಣ, ಶ್ರಾವಣದ ಮೊದಲ ಮದುವೆಗೆ ಹರಿಹರಕ್ಕೆ ನಾವು ಬಸ್ಸಿನಲ್ಲೇ ಹೋಗಬೇಕಾಯಿತು.

ಸ್ವಂತ ಕಾರಿನ ದೊಡ್ಡ ಖರ್ಚೆಲ್ಲ ಕೊಳ್ಳುವಾಗ ಮತ್ತು ವಿಮೆ ಕಟ್ಟುವಾಗ ಆಗಿಹೋಗಿರುವುದರಿಂದ, ಆಮೇಲಿನ ಓಡಾಟಕ್ಕೆ ಪೆಟ್ರೋಲಿನ ಹಣವಷ್ಟೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿಯೇ ಉಳಿದೆರಡು ದಿನ ರಾಮ್ ಅಂಡ್ ಕೋ ವೃತ್ತದಿಂದ ಕೊತ್ತಂಬರಿ ಸೊಪ್ಪು ತರಲೂ ಕೀಲಿಕೈ ಹುಡುಕುತ್ತೇನೆ. ಹಲವರು ಸರದಿಯಲ್ಲಿ ಬಳಸುವ ಹಂಚಿಕೆಯ ಕಾರನ್ನು ಗಂಟೆ ಲೆಕ್ಕದಲ್ಲಿ ಪಡೆಯುವವರಿಗೆ ವಿಮೆ, ಸವಕಳಿ, ದುರಸ್ತಿ ಎಲ್ಲವೂ ಆ ಒಂದು ಪ್ರಯಾಣದ ಬಿಲ್ಲಿನಲ್ಲೇ ಕಾಣಿಸುವುದರಿಂದ, ನಡೆದೇ ಹೋಗಬಹುದಲ್ಲ ಎಂಬ ಯೋಚನೆ ತಾನಾಗಿ ಬರುತ್ತದೆ.

ಸ್ವಿಟ್ಜರ್ಲೆಂಡಿನಲ್ಲಿ 1987ರಲ್ಲಿ ಆರಂಭವಾದ ಎರಡು ಸಹಕಾರಿ ಸಂಘಗಳು 1997ರಲ್ಲಿ ಒಂದಾಗಿ, ‘ಮೊಬಿಲಿಟಿ’ ಹೆಸರಿನಲ್ಲಿ ಇಂದಿಗೂ ಇಂಥ ಕಾರು ಹಂಚಿಕೆ ನಡೆಸುತ್ತಿವೆ. ಅಮೆರಿಕ ಮತ್ತು ಕೆನಡಾದಲ್ಲಿ ಇಂಥ ವ್ಯವಸ್ಥೆಗೆ ಸೇರಿದ 6,281 ಕುಟುಂಬಗಳನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಸಂಶೋಧಕರು ಸಮೀಕ್ಷಿಸಿದಾಗ, ಕುಟುಂಬಕ್ಕೆ ಸರಾಸರಿ 0.47 ಇದ್ದ ವಾಹನ ಸಂಖ್ಯೆ 0.24ಕ್ಕೆ ಇಳಿದಿತ್ತು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅದರ ಇನ್ನೊಂದು ಮುಖ: ಬಹುಪಾಲು ಮನೆಗಳವರ ಓಡಾಟದಿಂದ ಹೊರಬೀಳುವ ಹೊಗೆ ತುಸು ಹೆಚ್ಚೇ ಆಗಿತ್ತು, ಏಕೆಂದರೆ ಕಾರಿಲ್ಲದವರಿಗೂ ಈಗ ಕಾರು ಸಿಕ್ಕಿತ್ತು, ಆದರೆ ಇದ್ದ ಕಾರು ಬಿಟ್ಟ ಅಥವಾ ಕೊಳ್ಳುವ ಯೋಚನೆ ಕೈಬಿಟ್ಟ ಉಳಿದ ಮನೆಗಳ ಇಳಿಕೆ ಅದನ್ನು ಮೀರಿಸಿತ್ತು. ಎಲ್ಲರೂ ಕಾರು ಮಾರಬೇಕಾಗಿಲ್ಲ ಎಂದಾಯಿತು.

ನಮ್ಮಲ್ಲಿ ಹಂಚಿಕೆ ಇಲ್ಲವೆಂದಲ್ಲ. ನೆರೆಯವರ ವೈಟ್‌ಬೋರ್ಡ್ ಕಾರನ್ನು ಧರ್ಮಸ್ಥಳಕ್ಕೆ ಒಯ್ದು, ಪೆಟ್ರೋಲ್ ಹಾಕಿಸಿ, ಮೇಲಿಷ್ಟು ಕೈಗಿಡುವುದು ಎಲ್ಲ ಬಡಾವಣೆಗಳಲ್ಲೂ ನಡೆದಿದೆ. ಆದರೆ ಹೀಗೆ ಬಾಡಿಗೆಗೆ ಕೊಡುವುದು ಕಾನೂನುಬಾಹಿರ. ಅಪಘಾತವಾದರೆ ವಿಮಾ ಕಂಪನಿ ತನ್ನ ಜವಾಬ್ದಾರಿಯಲ್ಲವೆಂದು ಜಾರಿಕೊಳ್ಳಬಹುದು. ಸಕ್ರಮವಾಗಿ ಮಾಡೋಣವೆಂದರೆ, ಕೇಂದ್ರದ 1989ರ ರೆಂಟ್ ಎ ಕ್ಯಾಬ್ ಯೋಜನೆಯಂತೆ ಪರವಾನಗಿಗೆ ಕನಿಷ್ಠ 50 ಕ್ಯಾಬ್‌ಗಳಿರಬೇಕು. ಬೆಂಗಳೂರಿನ ಕಂಪನಿಗೆ ಇದು ಸಣ್ಣ ಮಾತು; ನಾಲ್ಕು ಕಾರಿನಿಂದ ಆರಂಭಿಸಬಯಸುವ ನಮ್ಮೂರಿನ ಯುವಕನಿಗೆ ಅಲ್ಲಿಗೇ ಬಾಗಿಲು ಮುಚ್ಚಿದಂತೆ.

ಆದ್ದರಿಂದ ದಾವಣಗೆರೆಯಂಥ ನಗರಗಳಿಗೆ ಈ ಮಿತಿಯನ್ನು ಇಳಿಸುವಂತೆ ರಾಜ್ಯ ಸರ್ಕಾರ ಕೇಂದ್ರದ ಮೇಲೆ ಒತ್ತಡ ತರಬೇಕು. ಪಾಲಿಕೆಯು ರೈಲು ನಿಲ್ದಾಣ, ಬಸ್ ನಿಲ್ದಾಣಗಳ ಬಳಿ ಮಾತ್ರವಲ್ಲದೆ ಬಡಾವಣೆಗಳ ಒಳಗೂ ಹಂಚಿಕೆಯ ಕಾರುಗಳಿಗೆ ಜಾಗ ಗುರುತಿಸಬೇಕು, ಏಕೆಂದರೆ ಆಟೊ ಹತ್ತಿ ಕಾರು ತರಲು ಯಾರೂ ಹೋಗುವುದಿಲ್ಲ. ನಮ್ಮ ಬ್ಲಾಕಿನ ಪಾರ್ಕಿನ ಪಕ್ಕ ಎರಡು ಕಾರು ಬಂದು ನಿಂತರೆ, ನನ್ನದರ ವಿಮೆ ನವೀಕರಣದ ಹೊತ್ತಿಗೆ ಹೊಂಗೆಮರದಡಿ ಜಾಗ ಖಾಲಿಯಾಗಿರುತ್ತದೆ.

– ಓರ್ವ ಓದುಗ, ಎಂಸಿಸಿ ‘ಬಿ’ ಬ್ಲಾಕ್, ದಾವಣಗೆರೆ