ಬಹುಮಾನ ಇಳಿದ ಕಿಲೋಗೆ ಬೇಡ, ನಡೆದ ದಿನಕ್ಕೆ ಇರಲಿ

ಮಾನ್ಯ ಸಂಪಾದಕರೇ,

ತೂಕ ಇಳಿಸುವ ಬಗ್ಗೆ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನ ಓದಿದೆ. ಊಟದ ಬಗ್ಗೆ, ನಡಿಗೆಯ ಬಗ್ಗೆ ಬರೆದದ್ದೆಲ್ಲ ಚೆನ್ನಾಗಿತ್ತು. ಕೊನೆಯಲ್ಲಿ ಬಂದ ಎರಡು ಮಾತು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಗುರಿಯ ತೂಕ ಮುಟ್ಟಿದ ಮೇಲೆ ನಿಮಗೆ ನೀವೇ ಒಂದು ದೊಡ್ಡ ಬಹುಮಾನ ಕೊಟ್ಟುಕೊಳ್ಳಿ ಅನ್ನುವುದು ಒಂದು. ವಾರವಿಡೀ ಶಿಸ್ತಾಗಿದ್ದರೆ ಒಂದು ದಿನ ಮನಸ್ಸಿಗೆ ಬಂದದ್ದನ್ನು ತಿನ್ನಿ, ಅದೇ ನಿಮಗೆ ಬಹುಮಾನ ಅನ್ನುವುದು ಇನ್ನೊಂದು. ಬಹುಮಾನ ಬೇಕು ಅನ್ನುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದನ್ನು ಯಾವುದಕ್ಕೆ ಕೊಡಬೇಕು, ಯಾವಾಗ ಕೊಡಬೇಕು ಅನ್ನುವುದರಲ್ಲೇ ನನ್ನ ತಕರಾರು.

ನಾನು ಟೈಲರ್. ಜನರ ಸೊಂಟ, ಎದೆ, ತೋಳಿನ ಅಳತೆ ಬರೆದುಕೊಳ್ಳುತ್ತಲೇ ನನ್ನ ಆಯುಷ್ಯದ ಬಹುಭಾಗ ಕಳೆದಿದೆ. ಅಳತೆ ಕೊಡುವಾಗ ಎಷ್ಟೋ ಜನ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಾರೆ. ಆರಾಮಾಗಿ ಉಸಿರು ಬಿಡಿ ಅಂದರೂ ಕೇಳುವುದಿಲ್ಲ. "ಸ್ವಲ್ಪ ಬಿಗಿಯಾಗಿಯೇ ಹೊಲೀರಿ, ಅಷ್ಟರಲ್ಲಿ ತೂಕ ಇಳಿಸ್ತೀನಿ" ಅನ್ನುತ್ತಾರೆ. ಇಳಿದ ಮೇಲೆ ಹಾಕಿಕೊಳ್ಳೋಣ ಅಂತ ಹೊಲಿಸಿದ ಆ ಬಟ್ಟೆಯೇ ಅವರ ಬಹುಮಾನ. ತೂಕ ಇಳಿಯದಿದ್ದರೆ ಅದು ಕಪಾಟಿನಲ್ಲಿ ನೇತಾಡುತ್ತಾ ದಿನವೂ ಅವರನ್ನು ಚುಚ್ಚುತ್ತದೆ. ಒಂದೆರಡು ವರ್ಷದ ಮೇಲೆ ನನ್ನ ಮೇಜಿಗೇ ವಾಪಸ್ ಬರುತ್ತದೆ. ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆ ಹೊರಗೆ ತೆಗೆದು, ಅಗಲ ಮಾಡಿಕೊಡಬೇಕು. ಆಗ ಅವರ ಮುಖ ನೋಡಲು ನನಗೆ ಕಷ್ಟವಾಗುತ್ತದೆ. ಅವರಲ್ಲಿ ಸೋಮಾರಿಗಳು ಕಡಿಮೆ. ತಿಂಗಳುಗಟ್ಟಲೆ ನಿಜವಾಗಿ ಕಷ್ಟಪಟ್ಟವರೇ ಜಾಸ್ತಿ.

ಅಂಥವರಲ್ಲಿ ಒಬ್ಬರ ಕಥೆ ಹೇಳಲೇಬೇಕು. ದಿನವೂ ತಪ್ಪದೆ ನಡೆದರು, ರಾತ್ರಿಯ ಊಟ ಕಡಿಮೆ ಮಾಡಿದರು. ತಿಂಗಳ ಕೊನೆಗೆ ತೂಕದ ಯಂತ್ರದ ಮೇಲೆ ನಿಂತಾಗ ಹೆಚ್ಚುಕಮ್ಮಿ ಹಳೆಯ ಅಂಕಿಯೇ ಬಂತಂತೆ. ಅವತ್ತೇ ಎಲ್ಲ ಬಿಟ್ಟುಬಿಟ್ಟರು. ಆಮೇಲೆ ಬೇರೆ ಯಾವುದೋ ಬಟ್ಟೆ ಹೊಲಿಸಲು ಬಂದಾಗ ನಾನು ಅಳತೆ ತೆಗೆದೆ. ನನ್ನ ಪುಸ್ತಕದಲ್ಲಿ ಅವರ ಹಳೆಯ ಅಳತೆ ಇತ್ತು. ಸೊಂಟ ಒಂದು ಇಂಚಿಗಿಂತ ಜಾಸ್ತಿ ಇಳಿದಿತ್ತು. ಪುಸ್ತಕ ತಿರುಗಿಸಿ ತೋರಿಸಿದೆ. ಅವರು ನಂಬಲಿಲ್ಲ, ಇನ್ನೊಮ್ಮೆ ಟೇಪು ಹಿಡಿಸಿದರು. ನನಗೆ ಬಂದ ಸಿಟ್ಟು ಅವರ ಮೇಲಲ್ಲ, ಅವರಿಗೆ ಆ ಅಂಕಿಯನ್ನೇ ದೇವರು ಅಂತ ಕಲಿಸಿಕೊಟ್ಟವರ ಮೇಲೆ.

ಯಂತ್ರದ ಮೇಲಿನ ಅಂಕಿ ಬರೀ ಕೊಬ್ಬಿನ ಲೆಕ್ಕ ಅಲ್ಲ. ಅದರಲ್ಲಿ ನೀರಿದೆ, ಹೊಟ್ಟೆಯಲ್ಲಿರುವ ಊಟ ಇದೆ, ಮಾಂಸಖಂಡ ಇದೆ. ನಮ್ಮ ದೇಹ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು ಸೇರಿಕೊಂಡಿರುತ್ತದೆ. ಹಿಂದಿನ ದಿನ ಉಪ್ಪು ಜಾಸ್ತಿಯಾದರೂ ಮೈಯಲ್ಲಿ ನೀರು ನಿಲ್ಲುತ್ತದೆ. ಹೆಂಗಸರಿಗೆ ಮುಟ್ಟಿನ ದಿನಗಳ ಆಸುಪಾಸಿನಲ್ಲೂ ಹಾಗೆಯೇ. ಹೀಗಾಗಿ ಒಂದೆರಡು ದಿನದೊಳಗೆ ಒಂದು ಕಿಲೋ ಏರುವುದು, ಇಳಿಯುವುದು ತೀರಾ ಸಾಮಾನ್ಯ. ವಾರಕ್ಕೆ ಅರ್ಧ ಕಿಲೋದಿಂದ ಒಂದು ಕಿಲೋ ಇಳಿದರೆ ಸಾಕು ಎಂದು ವೈದ್ಯರು ಹೇಳುತ್ತಾರೆ. ಅಂದರೆ ಒಂದು ವಾರದ ನಿಜವಾದ ದುಡಿಮೆಯನ್ನು ಒಂದು ದಿನದ ನೀರು ಮುಚ್ಚಿಹಾಕಬಹುದು. ಹಾಗಿರುವಾಗ ಆ ಅಂಕಿಗೆ ಬಹುಮಾನ ಕಟ್ಟುವುದು ನ್ಯಾಯ ಹೇಗಾಗುತ್ತದೆ? ಪ್ರಾಮಾಣಿಕವಾಗಿ ನಡೆದವರಿಗೆ ಏನೂ ಇಲ್ಲ, ಸುಮ್ನೆ ನೀರು ಕುಡಿಯದೆ ಯಂತ್ರ ಹತ್ತಿದವರಿಗೆ ಬಹುಮಾನ ಅಂತಾಗುತ್ತದೆ ಅಲ್ವಾ?

ನಾನು ಅಂಗಿ ಹೊಲಿದರೆ ಹೊಲಿಗೆಗೆ ಕೂಲಿ ಸಿಗುತ್ತದೆ. ಹಾಕಿಕೊಂಡವರನ್ನು ನಾಲ್ಕು ಜನ ಹೊಗಳಿದರೆ ಮಾತ್ರ ಕೂಲಿ ಅಂದರೆ ಯಾವ ಟೈಲರ್ ತಾನೇ ಮಿಷನ್ ತುಳಿಯುತ್ತಾರೆ? ತೂಕದ ವಿಷಯದಲ್ಲೂ ನಮ್ಮ ಕೈಯಲ್ಲಿರುವುದು ಕೆಲಸ ಮಾತ್ರ. ಇವತ್ತು ನಡೆದೆನಾ, ತಟ್ಟೆಗೆ ಅಂದುಕೊಂಡಷ್ಟೇ ಹಾಕಿಕೊಂಡೆನಾ, ಹೊತ್ತಿಗೆ ಸರಿಯಾಗಿ ಮಲಗಿದೆನಾ. ಬಹುಮಾನ ಇವಕ್ಕೆ ಸಿಗಬೇಕು.

ಹಣ ಕೊಟ್ಟು ತೂಕ ಇಳಿಸುವ ಪ್ರಯೋಗವನ್ನೂ ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ ಕೆವಿನ್ ವೋಲ್ಪ್ ಎಂಬ ವೈದ್ಯರು ಮತ್ತು ಅವರ ಜೊತೆಗಾರರು ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು 57 ಜನ, ಅವಧಿ 16 ವಾರ. ಒಂದು ಗುಂಪಿಗೆ ಲಾಟರಿಯ ರೀತಿಯಲ್ಲಿ ಹಣ ಸಿಗುತ್ತಿತ್ತು. ಇನ್ನೊಂದು ಗುಂಪಿನವರು ತಮ್ಮದೇ ಹಣ ಪಣಕ್ಕಿಡುತ್ತಿದ್ದರು, ಗುರಿ ಮುಟ್ಟಿದರೆ ಜಾಸ್ತಿ ವಾಪಸ್. ಈ ಎರಡೂ ಗುಂಪಿನವರು ಸರಾಸರಿ 6 ಕಿಲೋದಷ್ಟು ಇಳಿದರು. ಹಣದ ಬಹುಮಾನವೇ ಇಲ್ಲದ ಗುಂಪು ಇಳಿದದ್ದು 2 ಕಿಲೋಗಿಂತ ಕಡಿಮೆ. ಇಷ್ಟು ಕೇಳಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಹಣ ನಿಂತ ಮೇಲೆ ಇಳಿದದ್ದರಲ್ಲಿ ಬಹಳಷ್ಟು ಮರಳಿ ಬಂತು. ಆ ಹಣ ಅಂಟಿಕೊಂಡಿದ್ದು ಅಂಕಿಗೆ, ದಿನದ ಅಭ್ಯಾಸಕ್ಕಲ್ಲ. ಅದೇ ಕಾರಣವಿರಬಹುದು ಎಂದು ನನ್ನ ಅಭಿಪ್ರಾಯ. ಬಹುಮಾನಕ್ಕೆ ಶಕ್ತಿ ಇದೆ. ಅದಕ್ಕೇ ಅದನ್ನು ಎಲ್ಲಿ ಇಡುತ್ತೇವೆ ಅನ್ನುವುದು ಮುಖ್ಯ.

ಇನ್ನು ತಿನ್ನುವ ಬಹುಮಾನ. 60-70 ಕಿಲೋ ತೂಗುವವರು ಅರ್ಧ ಗಂಟೆ ನಡೆದರೆ ಖರ್ಚಾಗುವುದು ಸುಮಾರು 100ರಿಂದ 150 ಕ್ಯಾಲೊರಿ. ಒಂದು ಸಣ್ಣ ಸಿಹಿ ತಿನಿಸು ಎರಡು ನಿಮಿಷದಲ್ಲಿ ಅಷ್ಟನ್ನೂ ವಾಪಸ್ ಕೊಡುತ್ತದೆ. ಈ ಲೆಕ್ಕಕ್ಕಿಂತ ನನ್ನನ್ನು ಕಾಡುವುದು ಬೇರೆ. ಸಿಹಿ ಬಹುಮಾನವಾದರೆ ಉಳಿದ ಆರು ದಿನದ ಊಟ ಶಿಕ್ಷೆಯಾಗುತ್ತದೆ. ಏಳನೆಯ ದಿನಕ್ಕಾಗಿ ಕಾಯುವುದೇ ಬದುಕಾಗುತ್ತದೆ. ಸಿಹಿ ಇಷ್ಟವಾದರೆ ತಿನ್ನಲಿ, ಯೋಜನೆಯಲ್ಲೇ ಅದಕ್ಕೊಂದು ಜಾಗ ಇರಲಿ, ನಿಧಾನವಾಗಿ ರುಚಿ ನೋಡಿ ತಿನ್ನಲಿ. ಅದನ್ನು ಗೆದ್ದು ಪಡೆಯಬೇಕಾದ ಪದಕ ಮಾಡುವುದು ಬೇಡ.

ನನ್ನ ವಿಷಯಕ್ಕೆ ಬರುತ್ತೇನೆ. ರಕ್ತದ ಸಕ್ಕರೆ ಗಡಿ ಹತ್ತಿರ ಬಂದಿದೆ, ತೂಕ ಇಳಿಸಿ ಎಂದು ವೈದ್ಯರು ಹೇಳಿದರು. ಕೂತು ಮಾಡುವ ಕೆಲಸ ನನ್ನದು. ಮಿಷನ್ ನಿಲ್ಲಿಸಿದ ಮೇಲೆ ಅರ್ಧ ಗಂಟೆ ನಡೆಯುವುದು, ಎರಡನೆಯ ಸಲ ಬಡಿಸಿಕೊಳ್ಳದಿರುವುದು, ಇಷ್ಟೇ ನನ್ನ ಯೋಜನೆ. ನಡೆದ ದಿನ ಕಪಾಟಿನ ಬಾಗಿಲ ಒಳಭಾಗದಲ್ಲಿ ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಒಂದು ಗೆರೆ ಎಳೆಯುತ್ತೇನೆ. ನೋಡುವವರಿಗೆ ಇದು ಏನೂ ಅಲ್ಲ. ಆದರೆ ಸುಸ್ತಾದ ಸಂಜೆ ಆ ಗೆರೆ ಎಳೆಯುವ ಖುಷಿಗೇ ನಾನು ಚಪ್ಪಲಿ ಮೆಟ್ಟಿದ್ದುಂಟು. ಬಹುಮಾನ ಕೆಲಸದ ಬೆನ್ನಿಗೇ ಬರಬೇಕು ಅನ್ನುವುದು ನನಗೆ ತಿಳಿದದ್ದು ಹೀಗೆ. ಆರು ತಿಂಗಳ ಆಚೆ ಇರುವ ದೊಡ್ಡ ಬಹುಮಾನ ಇವತ್ತಿನ ಸುಸ್ತನ್ನು ಎಬ್ಬಿಸುವುದಿಲ್ಲ.

ಗೆರೆಗಳು ಒಂದು ಸಾಲು ತುಂಬಿದರೆ ಒಂದು ಸಂಜೆ ಪೂರ್ತಿ ನನ್ನದು. ಫೋನ್ ಎತ್ತುವುದಿಲ್ಲ, ಅವತ್ತಿನ ಅಡುಗೆ ಮನೆಮಂದಿಯ ಪಾಲಿಗೆ, ನಾನು ಓದುತ್ತೇನೆ. ತುಂಬಾ ಸಾಲು ಸೇರಿದಾಗ ಒಳ್ಳೆಯ ಕತ್ತರಿ ಕೊಂಡೆ. ಬಟ್ಟೆಗೆ ಹಾಕಿದರೆ ಬೆಣ್ಣೆಗೆ ಹಾಕಿದ ಹಾಗೆ ಸಾಗುತ್ತದೆ. ಆಮೇಲೆ ನನಗೇ ಒಂದು ಉಡುಪು ಹೊಲಿದುಕೊಂಡೆ. ಅವತ್ತಿನ ನನ್ನ ಅಳತೆಗೇ ಹೊಲಿದೆ, ಮುಂದೆ ಬರಬೇಕಾದ ಅಳತೆಗಲ್ಲ. ಮೈಗೆ ಸರಿಯಾಗಿ ಕೂತ ಬಟ್ಟೆ ಹಾಕಿಕೊಂಡವರು ನೆಟ್ಟಗೆ ನಡೆಯುತ್ತಾರೆ. ಅದನ್ನು ನಾನು ಎಷ್ಟೋ ಜನರಲ್ಲಿ ನೋಡಿದ್ದೇನೆ. ಆ ಸುಖಕ್ಕೆ ತೂಕ ಇಳಿಯುವವರೆಗೂ ಯಾಕೆ ಕಾಯಬೇಕು?

ನಡೆಯುವಾಗ ಮಾತ್ರ ಕೇಳಲು ಒಂದು ಧಾರಾವಾಹಿ ಕಥೆಯನ್ನೂ ಎತ್ತಿಟ್ಟುಕೊಂಡಿದ್ದೇನೆ. ಬೇರೆ ಹೊತ್ತಿನಲ್ಲಿ ಅದನ್ನು ಹಚ್ಚುವುದಿಲ್ಲ. ಇದನ್ನೂ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಸಂಶೋಧಕಿ ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೊತೆಗಾರರ ಅಧ್ಯಯನ 2014ರಲ್ಲಿ ಬಂತು. ಬಿಡಲಾಗದಂಥ ಕಥೆಗಳನ್ನು ಜಿಮ್‌ನಲ್ಲಿ ಮಾತ್ರ ಕೇಳಬಹುದು ಎಂದಾಗ, ಶುರುವಿನ ವಾರಗಳಲ್ಲಿ ಜನ ಜಿಮ್‌ಗೆ ಬಂದದ್ದು 51% ಜಾಸ್ತಿ. ದಿನ ಕಳೆದಂತೆ, ಅದರಲ್ಲೂ ನಡುವೆ ರಜೆ ಬಂದ ಮೇಲೆ, ಆ ಉತ್ಸಾಹ ಇಳಿಯಿತು. ಹಾಗಾಗಿ ಆಗಾಗ ಕಥೆ ಬದಲಿಸಬೇಕು, ರಜೆ ಮುಗಿದ ಕೂಡಲೇ ಮತ್ತೆ ಹಿಡಿಯಬೇಕು.

ಅಭ್ಯಾಸ ಕೂರಲು ಹೊತ್ತು ಬೇಕು. ಲಂಡನ್ನಿನಲ್ಲಿ ಫಿಲಿಪಾ ಲಾಲಿ ಎಂಬ ಸಂಶೋಧಕಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಸುಮಾರು 66 ದಿನ ಬೇಕು. ಆದರೆ ಒಬ್ಬರಿಗೆ 18 ದಿನವಾದರೆ ಇನ್ನೊಬ್ಬರಿಗೆ 254. ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟವೇನೂ ಆಗಲಿಲ್ಲ. ಒಂದು ದಿನ ತಪ್ಪಿತು ಅಂತ ಇಡೀ ತಿಂಗಳ ಬಹುಮಾನ ಕಿತ್ತುಕೊಳ್ಳುವವರು ಇದನ್ನು ಓದಬೇಕು.

ಗುರಿಯ ಬಗ್ಗೆಯೂ ಒಂದು ಮಾತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3,234 ಜನರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದು ಗುಂಪಿಗೆ ಕೊಟ್ಟ ಗುರಿ 7% ತೂಕ ಇಳಿಸುವುದು, ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ. ಆ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರುವುದು 58% ಕಡಿಮೆಯಾಯಿತು. 80 ಕಿಲೋ ಇರುವವರಿಗೆ 7% ಅಂದರೆ 6 ಕಿಲೋವೂ ಆಗುವುದಿಲ್ಲ. 20 ಕಿಲೋ ಇಳಿದ ಮೇಲೆ ಸಂಭ್ರಮ ಅನ್ನುವವರ ಮೈಯೊಳಗೆ ಅದಕ್ಕಿಂತ ಎಷ್ಟೋ ಮೊದಲೇ ಒಳ್ಳೆಯದು ಶುರುವಾಗಿರುತ್ತದೆ.

ಊಟದ ಜೊತೆ ಮನಸ್ಸಿನ ಜಗಳ ಇರುವವರು, ತಿಂದದ್ದಕ್ಕೆ ತಮ್ಮನ್ನೇ ದಂಡಿಸಿಕೊಳ್ಳುವವರು ಈ ಗೆರೆ, ಬಹುಮಾನ ಎಲ್ಲ ಶುರು ಮಾಡುವ ಮೊದಲು ವೈದ್ಯರ ಜೊತೆ ಮಾತಾಡಲಿ. ಅವರಿಗೆ ಲೆಕ್ಕವೇ ಹೊರೆಯಾಗಬಹುದು.

ನಮಗೆ ನಾವೇ ಏನಾದರೂ ಕೊಟ್ಟುಕೊಂಡರೆ ಸ್ವಾರ್ಥ ಅಂದುಕೊಳ್ಳುವವರೂ ಇದ್ದಾರೆ. ಮನೆಯವರಿಗೆಲ್ಲ ಹೊಲಿಸಿ ತಮಗೊಂದು ಹೊಲಿಸಿಕೊಳ್ಳದವರನ್ನು ನಾನು ದಿನವೂ ನೋಡುತ್ತೇನೆ. ಅವರಿಗೆ ನಾನು ನೇರವಾಗಿ ಹೇಳುವುದು ಇಷ್ಟೇ: ಒಂದು ಸಂಜೆ, ಒಂದು ಪುಸ್ತಕ, ಒಂದು ಒಳ್ಳೆಯ ನಿದ್ದೆ ನಿಮಗೆ ಸಲ್ಲಬೇಕಾದದ್ದು. ಏನು ಕೊಟ್ಟುಕೊಳ್ಳುತ್ತೀರಿ ಅಂತ ಮೊದಲೇ ಬರೆದಿಡಿ. ಬರೆದಿಟ್ಟರೆ ನೆಪ ಹೇಳಿ ಮುಂದೂಡಲು ಆಗುವುದಿಲ್ಲ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ಇಷ್ಟು ಕಿಲೋ ಇಳಿಸಿದರು ಎಂಬ ತಲೆಬರಹ, ಮುಂಚೆ ಹೀಗಿದ್ದರು ಈಗ ಹೀಗಾದರು ಎಂಬ ಜೋಡಿ ಫೋಟೋ ಇನ್ನು ಕಡಿಮೆ ಮಾಡಿ. ಆ ಜಾಗದಲ್ಲಿ ಓದುಗರು ದಿನವೂ ಏನು ಮಾಡಿದರು, ಅದಕ್ಕೆ ತಮಗೆ ತಾವು ಏನು ಕೊಟ್ಟುಕೊಂಡರು ಅಂತ ಬರೆಯಲಿ. ವರ್ಷ ಕಳೆದ ಮೇಲೂ ಬಿಡದೆ ಮಾಡುತ್ತಿರುವವರಿಗೆ ಮೊದಲ ಜಾಗ ಕೊಡಿ, ಅವರ ತೂಕ ಎಷ್ಟೇ ಇರಲಿ. ನೀವು ಶುರು ಮಾಡಿದರೆ ನನ್ನ ಅಳತೆ ಪುಸ್ತಕದಲ್ಲಿರುವ ಹಲವರಿಗೆ ಬರೆಯಲು ನಾನೇ ಹೇಳುತ್ತೇನೆ. ಸೊಂಟದ ಇಂಚು ಇಳಿದೂ ಸೋತೆವು ಅಂದುಕೊಂಡ ಆ ಮಹಿಳೆಗೆ ಮೊದಲು.

ಇತಿ,
ನಿಮ್ಮ ಓದುಗರಲ್ಲೊಬ್ಬಳು, ಹೊಲಿಗೆ ಕೆಲಸದವಳು